ಊರಿನ ವಾಡೆಯ ಮಾಳಿಗೆ ಸೋರುತ್ತಿದೆ: ಸ್ಲ್ಯಾಬ್ ಹಾಕಿಸಬೇಕಾ, ಮಣ್ಣೇ ಇರಲಾ?

ಎರೆಹೊಲ

ಎಲ್ಲರಿಗೂ ನಮಸ್ಕಾರ. ನಮ್ಮೂರು ನವಲಗುಂದ ತಾಲ್ಲೂಕಿನಲ್ಲಿದೆ. ನಾನು ಇರುವುದು ಹುಬ್ಬಳ್ಳಿಯಲ್ಲಿ. ಊರಲ್ಲಿ ನಮ್ಮ ಮನೆತನದ ವಾಡೆ ಇದೆ. ಅದರ ಬಗ್ಗೆ ತಿಳಿದವರು ಸಲಹೆ ಕೊಡಬೇಕು ಅಂತ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಓದಿ.

ಮೊದಲು ವಾಡೆ ಹೇಗಿದೆ ಹೇಳುತ್ತೇನೆ. ಓಣಿಗೆ ಮುಖ ಮಾಡಿ ದಿಡ್ಡಿ ಬಾಗಿಲು. ದೊಡ್ಡ ಕದ ತೆಗೆಯುವುದು ಮದುವೆಗೆ, ಬಂಡಿ ಒಳಗೆ ಬರುವುದಕ್ಕೆ ಮಾತ್ರ. ಉಳಿದ ದಿನ ಅದರೊಳಗಿನ ಸಣ್ಣ ಬಾಗಿಲಲ್ಲಿ ತಲೆ ತಗ್ಗಿಸಿ ದಾಟಬೇಕು. ಒಳಗೆ ಎರಡೂ ಕಡೆ ಕಟ್ಟೆ. ಆಮೇಲೆ ಅಂಗಳ. ಎಡಕ್ಕೆ ಹಿಂದೆ ಕುದುರೆ ಕಟ್ಟುತ್ತಿದ್ದ ಜಾಗ, ಈಗ ಟ್ರ್ಯಾಕ್ಟರ್ ನಿಲ್ಲುತ್ತದೆ. ಬಲಕ್ಕೆ ಸದರು. ಮುತ್ತಜ್ಜ ಅಲ್ಲೇ ಕೂತು ಲೆಕ್ಕಪತ್ರ ನೋಡುತ್ತಿದ್ದರಂತೆ. ಎದುರಿಗೆ 12 ಕಂಬದ ಪಡಸಾಲೆ. ಅದರ ಹಿಂದೆ ನಡುಮನೆ, ದೇವರ ಕೋಣೆ, ಅಡುಗೆ ಮನೆ, ಬಚ್ಚಲು. ಕೊನೆಗೆ ಹಿತ್ತಲು, ಬಾವಿ, ಬಣವಿ ಒಟ್ಟುವ ಜಾಗ, 2 ಬೇವಿನ ಮರ. ಗೋಡೆ ಮೂರು ಅಡಿ ದಪ್ಪ ಇದೆ. ಚಿಕ್ಕವರಿದ್ದಾಗ ನಾವು ಮಕ್ಕಳು ಬೇಸಿಗೆಯಲ್ಲಿ ಕಿಟಕಿಯ ಆ ದಪ್ಪದಲ್ಲೇ ಮಲಗುತ್ತಿದ್ದೆವು.

ಅಡುಗೆ ಮನೆಯ ಕಂಬಕ್ಕೆ ಮೊಣಕಾಲೆತ್ತರದಲ್ಲಿ ಒಂದು ತಗ್ಗು ಇದೆ. ಬೆರಳು ಇಟ್ಟರೆ ನುಣ್ಣಗೆ ಕೂರುತ್ತದೆ. ಮಜ್ಜಿಗೆ ಕಡಿಯುವಾಗ ಕಡಗೋಲಿಗೆ ಕಟ್ಟಿದ ಹಗ್ಗ ಸವೆಸಿದ ಗುರುತು ಅದು. ನಮ್ಮಜ್ಜಿ, ಅವರ ಅತ್ತೆ, ಅವರತ್ತೆ, ಎಲ್ಲರೂ ಅದೇ ಕಂಬಕ್ಕೆ ಕಟ್ಟಿ ಕಡೆದವರು. ವಾಡೆಯ ಬೇರೆ ಯಾವ ಕೆತ್ತನೆಗಿಂತ ನನಗೆ ಅದೇ ಹೆಚ್ಚು.

ಈಗ ತೊಂದರೆ ಏನು ಅಂದರೆ, ನಾಲ್ಕು ವರ್ಷದ ಹಿಂದೆ ನಮ್ಮ ಕಾಕಾನ ಮಗ ಒಬ್ಬ ಗುತ್ತಿಗೆದಾರರನ್ನು ಹಿಡಿದು ಪಡಸಾಲೆ ಮತ್ತು ಅಡುಗೆ ಮನೆ ಗೋಡೆಗೆ ಸಿಮೆಂಟ್ ಗಿಲಾವು ಮಾಡಿಸಿದ. ಮಾಳಿಗೆಯ, ಅಂದರೆ ಚಪ್ಪಟೆ ಮಣ್ಣಿನ ಛಾವಣಿಯ, ಮೇಲೂ ಸಿಮೆಂಟ್ ಬಳಿಸಿದ. ಒಂದು ಮಳೆಗಾಲ ಚೆನ್ನಾಗಿತ್ತು. ಎರಡನೇ ವರ್ಷದಿಂದ ಸೋರುವುದು ಶುರು. ಹೋದ ವರ್ಷ ಅಡುಗೆ ಮನೆಯ ಒಂದು ತೊಲೆ ಗೋಡೆಯ ಕಡೆ ಸ್ವಲ್ಪ ಕುಸಿದಿದೆ. ಈಗ ಮನೆಯವರೆಲ್ಲ ಕೂತು ಮಾತಾಡಿದಾಗ ಹೆಚ್ಚಿನವರು ಮಾಳಿಗೆ ತೆಗೆದು ಸ್ಲ್ಯಾಬ್ ಹಾಕೋಣ ಅನ್ನುತ್ತಿದ್ದಾರೆ. ನನಗೆ ಮನಸ್ಸಿಲ್ಲ. ಆದರೆ ಬರೀ ಮನಸ್ಸಿಲ್ಲ ಅಂದರೆ ಯಾರೂ ಕೇಳುವುದಿಲ್ಲ, ಅಲ್ವಾ? ಕಾರಣ ಬೇಕು. ತಿಳಿದವರು ಹೇಳಿ.

ಧಾರವಾಡ ಇಂಜಿನಿಯರ್

ಮೇಡಂ, ನಾನು ಕಟ್ಟಡದ ಕೆಲಸದಲ್ಲಿ ಇರುವವನು. ಮಣ್ಣಿನ ಮಾಳಿಗೆ ಎಷ್ಟೋ ನೋಡಿದ್ದೇನೆ. ಉತ್ತರ ಹೇಳುವ ಮೊದಲು ಮೂರು ವಿಷಯ ಬೇಕು. ನೀರು ತೊಟ್ಟಿಕ್ಕುವುದು ಕೋಣೆಯ ನಡುವೆಯೋ, ಗೋಡೆಯ ಹತ್ತಿರವೋ? ಮೇಲೆ ಮಣ್ಣು ಎಷ್ಟು ದಪ್ಪ ಇದೆ? ಕುಸಿದ ತೊಲೆಯ ತುದಿ ಎಲ್ಲಿ ಕೂತಿದೆ, ಕಂಬದ ಮೇಲೋ ಗೋಡೆಯ ಒಳಗೋ?

ಗೊತ್ತಿಲ್ಲದವರಿಗೆ ಒಂದು ಮಾತು. ಈ ಮನೆಗಳಲ್ಲಿ ಮಾಳಿಗೆಯ ಭಾರ ಹೊರುವುದು ಮುಖ್ಯವಾಗಿ ಕಟ್ಟಿಗೆ. ಕಂಬದ ತಲೆಗೆ ಬೋದಿಗೆ, ಅದರ ಮೇಲೆ ತೊಲೆ, ತೊಲೆಯ ಮೇಲೆ ಅಡ್ಡಡ್ಡ ಜಂತಿ, ಜಂತಿ ಮೇಲೆ ಹಲಗೆ ಇಲ್ಲವೇ ಕಟ್ಟಿಗೆ ಸೀಳು, ಅದರ ಮೇಲೆ ಬೇವಿನ ಸೊಪ್ಪೋ ಲಕ್ಕಿ ಸೊಪ್ಪೋ ಹರಡಿ ಆಮೇಲೆ ಮಣ್ಣು. ಸೊಪ್ಪು ಹಾಕುವುದು ಹುಳ ಬಾರದಿರಲಿ ಅಂತ. ಎಷ್ಟೋ ಮನೆಗಳಲ್ಲಿ ಗೋಡೆಗೆ ಅಂಟಿಕೊಂಡೇ ಕಂಬ ನಿಲ್ಲಿಸಿರುತ್ತಾರೆ. ಗೋಡೆ ಬಿದ್ದರೂ ಮಾಳಿಗೆ ನಿಲ್ಲುತ್ತದೆ. ಹಾಗಾಗಿ ಮೊದಲು ನೋಡಬೇಕಾದ್ದು ಕಟ್ಟಿಗೆಯನ್ನು.

ಕಲಘಟಗಿ ಮಳೆ

ನಮ್ಮ ಕಡೆ ವಾಡೆಗಳಿಗೆ ಇಳಿಜಾರು ಹೆಂಚಿನ ಛಾವಣಿ. ಅದೇ ಧಾರವಾಡ ಜಿಲ್ಲೆ, ಆದರೆ ನಮ್ಮದು ಮಲೆನಾಡ ಸೆರಗು, ನಿಮ್ಮದು ಬಯಲು. ಅಳ್ನಾವರ, ಕಲಘಟಗಿ ದಾಟಿ ನವಲಗುಂದದ ಕಡೆ ಹೋದರೆ ಊರಿನ ರೂಪವೇ ಬದಲಾಗುತ್ತದೆ. ಹೆಂಚು ಹೋಗಿ ಚಪ್ಪಟೆ ಮಾಳಿಗೆ ಬರುತ್ತದೆ. ಮಳೆ ಕಡಿಮೆ ಇರುವ ಕಡೆ ಮಾಳಿಗೆ ಅಂದರೆ ಇನ್ನೊಂದು ಅಂಗಳ. ಮೆಣಸಿನಕಾಯಿ ಒಣಗಿಸಬಹುದು, ಶ್ಯಾವಿಗೆ ಹಾಕಬಹುದು, ರಾತ್ರಿ ಮಲಗಬಹುದು. ನಮಗೆ ಆ ಸುಖ ಇಲ್ಲ.

ಎರೆಹೊಲ

ಇಂಜಿನಿಯರ್ ಸರ್, ಭಾನುವಾರ ಊರಿಗೆ ಹೋಗಿ ನೋಡಿಕೊಂಡು ಬಂದೆ.

ನೀರು ಜಾಸ್ತಿ ಬರುವುದು ಗೋಡೆಯ ಹತ್ತಿರ. ನಡುವೆ ಬೆಳಕಿಂಡಿ ಸುತ್ತ ಸ್ವಲ್ಪ. ಬೆಳಕಿಂಡಿ ಪಕ್ಕ ಸಿಮೆಂಟ್ ಒಡೆದಿದ್ದ ಕಡೆ ಕಡ್ಡಿ ಇಳಿಸಿ ಅಳೆದೆ. ಮಣ್ಣು 22 ಇಂಚು ಇದೆ! ಬದಿಯಿಂದ ನೋಡಿದರೆ ಪದರ ಪದರ ಕಾಣುತ್ತದೆ, ಒಂದು ಬೂದಿ ಬಣ್ಣ, ಒಂದು ಕಪ್ಪು, ಒಂದು ಬಿಳಿಚು. ಅಡುಗೆ ಮನೆಯ ಆ ತೊಲೆಯ ತುದಿ ಗೋಡೆಯ ಒಳಗೇ ಹೋಗಿದೆ. ಅಲ್ಲಿ ಕಂಬ ಇಲ್ಲ. ತುದಿಯ ಹತ್ತಿರ ಸ್ಕ್ರೂಡ್ರೈವರ್ ಚುಚ್ಚಿದರೆ ಅರ್ಧ ಇಂಚು ಒಳಗೆ ಹೋಯಿತು. ಅದೇ ತೊಲೆಗೆ ನಡುವಿನಲ್ಲಿ ಚುಚ್ಚಿದರೆ ಗುರುತೂ ಬೀಳಲಿಲ್ಲ.

ಸಿಮೆಂಟ್ ಗಿಲಾವು ತಟ್ಟಿದರೆ ಡಬ್ ಡಬ್ ಅನ್ನುತ್ತದೆ. ಕೆಳಗಡೆ ಎರಡು ಅಡಿ ಎತ್ತರದವರೆಗೆ ಬಿಳಿ ಉಪ್ಪು ಬಂದಿದೆ.

ಧಾರವಾಡ ಇಂಜಿನಿಯರ್

ನೀವು ಮಾಡಿದ ಪರೀಕ್ಷೆ ಸರಿಯಾಗಿದೆ. ಈಗ ಲೆಕ್ಕ ನೋಡಿ. ಗಟ್ಟಿಯಾಗಿ ಕೂತ ಮಣ್ಣು ಒಂದು ಅಡಿ ದಪ್ಪ ಇದ್ದರೆ ಒಂದು ಚದರ ಅಡಿಗೆ ಸುಮಾರು 50 ಕಿಲೋ. ನಿಮ್ಮಲ್ಲಿ 22 ಇಂಚು ಅಂದರೆ 90 ಕಿಲೋ. ಪಡಸಾಲೆ 15 ಅಡಿಗೆ 30 ಅಡಿ ಅಂತ ಇಟ್ಟುಕೊಂಡರೆ ನಿಮ್ಮ ತಲೆಯ ಮೇಲೆ 40 ಟನ್ ಇದೆ. ಒದ್ದೆಯಾದರೆ ಇನ್ನೂ ಜಾಸ್ತಿ. ಕಟ್ಟಿದಾಗ ಇಷ್ಟು ಇರಲಿಲ್ಲ. ವರ್ಷ ವರ್ಷ ಮಳೆಗಾಲಕ್ಕೆ ಮುಂಚೆ ಹೊಸ ಮಣ್ಣು ಹಾಕುತ್ತಾ ಹೋದರು, ಹಳೆಯದನ್ನು ಕೆರೆದು ತೆಗೆಯಲಿಲ್ಲ. ಎಲ್ಲ ಕಡೆ ಆಗುವ ತಪ್ಪು ಇದೇ.

ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. 1993ರ ಸೆಪ್ಟೆಂಬರ್ 30ರಂದು ಮಹಾರಾಷ್ಟ್ರದ ಕಿಲ್ಲಾರಿಯಲ್ಲಿ ಭೂಕಂಪ ಆದಾಗ ಸಾವಿರಾರು ಜನ ಸತ್ತಿದ್ದು ಇಂಥ ಮನೆಗಳಲ್ಲೇ, ದಪ್ಪ ಕಲ್ಲು ಮಣ್ಣಿನ ಗೋಡೆ, ಮೇಲೆ ಭಾರದ ಮಣ್ಣು. ನಮ್ಮ ಭಾಗದಲ್ಲಿ ಹಾಗೇ ಆಗುತ್ತದೆ ಅಂತ ಹೆದರಿಸುತ್ತಿಲ್ಲ. ಆದರೆ ಭಾರ ಇಳಿಸುವುದು ನಿಮ್ಮ ಮೊದಲ ಕೆಲಸ, ಮಣ್ಣು ಇರಲಿ ಸ್ಲ್ಯಾಬ್ ಇರಲಿ.

ಸ್ಲ್ಯಾಬ್ ಬಗ್ಗೆ: ಮಣ್ಣಿನ ಗಾರೆಯ ಗೋಡೆಯ ಮೇಲೆ ನೇರವಾಗಿ ಸ್ಲ್ಯಾಬ್ ಕೂರಿಸುವಂತಿಲ್ಲ. ಬೇರೆ ಕಾಲಂ ಎಬ್ಬಿಸಬೇಕು, ಅದಕ್ಕೆ ಹೊಸ ಪಾಯ ಬೇಕು. ನಿಮ್ಮದು ಎರೆ ನೆಲ, ಅಂದರೆ ಕಪ್ಪು ಮಣ್ಣು. ಮಳೆ ಬಿದ್ದಾಗ ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರಿಯುತ್ತದೆ. ಹಳೆಯ ಗೋಡೆಯ ಪಕ್ಕ ಆಳವಾಗಿ ಅಗೆದರೆ ಆ ಗೋಡೆಯೂ ಸಡಿಲ ಆಗುತ್ತದೆ. ಸ್ಲ್ಯಾಬ್ ಹಾಕೋಣ ಅನ್ನುವವರಿಗೆ ಈ ಖರ್ಚನ್ನೂ ಸೇರಿಸಿ ಲೆಕ್ಕ ಹಾಕಲು ಹೇಳಿ.

ಹಳೇಹುಬ್ಬಳ್ಳಿ

ಬೇರೆ ಮಾತು ಹೇಳಬೇಕು ಅಂತ ಬರೆಯುತ್ತಿದ್ದೇನೆ. ನಮ್ಮ ವಾಡೆಯನ್ನು ನಾವು ಒಂಬತ್ತು ವರ್ಷದ ಹಿಂದೆ ಕೆಡವಿದೆವು. ಅವ್ವನಿಗೆ ಮೊಣಕಾಲು ನೋವು. ಬಚ್ಚಲು ಹಿತ್ತಲಲ್ಲಿ, ಹೊಸ್ತಿಲು ಒಂದೊಂದೂ ಅರ್ಧ ಅಡಿ ಎತ್ತರ. ಮಳೆಗಾಲದಲ್ಲಿ ರಾತ್ರಿ ಎದ್ದು ಪಾತ್ರೆ ಇಡುವುದೇ ಕೆಲಸ ಆಗಿತ್ತು. ಅಲ್ಲಿ ಇದ್ದವರು ನಾವು. ಬೆಂಗಳೂರಿನಿಂದ ಹಬ್ಬಕ್ಕೆ ಬಂದು ಫೋಟೋ ತೆಗೆದುಕೊಂಡು ಹೋಗುವವರು ಕೆಡವಬೇಡಿ ಅಂದರು, ಮಣ್ಣು ಹಾಕಲು ಯಾರೂ ಬರಲಿಲ್ಲ. ಎರೆಹೊಲ ಅಕ್ಕಾವ್ರೇ, ನಿಮ್ಮ ವಾಡೆಯಲ್ಲಿ ಈಗ ದಿನವೂ ಇರುವವರು ಯಾರು? ಅವರ ಮಾತು ಮೊದಲು ಕೇಳಿ.

ಒಂದೇ ಒಂದು ವಿಷಯಕ್ಕೆ ಇವತ್ತಿಗೂ ಬೇಜಾರಿದೆ. ಕಂಬ ಬೋದಿಗೆ ಎಲ್ಲ ಹಳೆ ಕಟ್ಟಿಗೆ ವ್ಯಾಪಾರಿಗೆ ತೂಕದ ಲೆಕ್ಕದಲ್ಲಿ ಕೊಟ್ಟೆವು. ಸಾಗವಾನಿ ಕಂಬ, ಬುಡಕ್ಕೆ ಕಲ್ಲಿನ ಪೀಠ, ತಲೆಗೆ ಕೆತ್ತಿದ ಬಾಳೆ ಮೋತೆ. ಹೊಸ ಮನೆಯಲ್ಲಿ ಎರಡು ಕಂಬವಾದರೂ ನಿಲ್ಲಿಸಬಹುದಿತ್ತು.

ಎರೆಹೊಲ

ಹಳೇಹುಬ್ಬಳ್ಳಿ ಅಣ್ಣಾವ್ರೇ, ನಿಮ್ಮ ಪ್ರಶ್ನೆ ನ್ಯಾಯವಾಗಿದೆ. ಅಲ್ಲಿ ಇರುವವರು ಕಾಕು (ಕಾಕಾನ ಹೆಂಡತಿ) ಮತ್ತು ಅವರ ಮಗ. ಕಾಕುಗೆ 71. ಸಿಮೆಂಟ್ ಹಾಕಿಸಿದ್ದೂ ಅವರ ಮಗನೇ, ಅವರ ಸುಖಕ್ಕೇ. ನಾನು ಅವನ ಮೇಲೆ ಸಿಟ್ಟು ಮಾಡಿಕೊಂಡಿದ್ದೆ. ನಿಮ್ಮ ಮಾತು ಓದಿ ಕಾಕುಗೆ ಫೋನ್ ಮಾಡಿದೆ. ಅವರು ಕೇಳಿದ್ದು ಇಷ್ಟೇ: ಒಳಗೇ ಒಂದು ಬಚ್ಚಲು ಮತ್ತು ಸಂಡಾಸ, ರಾತ್ರಿ ತಲೆಯ ಮೇಲೆ ನೀರು ಬೀಳಬಾರದು. ಮಾಳಿಗೆ ಯಾವುದರದ್ದು ಅಂತ ಅವರಿಗೆ ಚಿಂತೆ ಇಲ್ಲ.

ಕುಂದಗೋಳ ಪ್ಯಾಸೆಂಜರ್

ಈ ಚರ್ಚೆ ನೋಡಿ ಸುಮ್ನೆ ಇರಲಾಗಲಿಲ್ಲ. ಯಾರಾದರೂ ಕುಂದಗೋಳದ ನಾಡಗೀರ ವಾಡೆಗೆ ಹೋಗಿದ್ದೀರಾ? ಪ್ರತಿವರ್ಷ ಸವಾಯಿ ಗಂಧರ್ವರ ಪುಣ್ಯಸ್ಮರಣೆಗೆ ಅಲ್ಲಿ ಸಂಗೀತ ನಡೆಯುತ್ತದೆ. ಹಿಂದೂಸ್ತಾನಿ ಸಂಗೀತದ ಕಿರಾಣಾ ಘರಾಣೆಯ ಗಾಯಕ ಅಬ್ದುಲ್ ಕರೀಂ ಖಾನರು ಬಂದು ಇಳಿದುಕೊಳ್ಳುತ್ತಿದ್ದ ವಾಡೆ ಅದು. ಅವರ ಶಿಷ್ಯರೇ ಸವಾಯಿ ಗಂಧರ್ವರು, ಹುಟ್ಟಿದ್ದು 1886, ತೀರಿಕೊಂಡದ್ದು 1952. ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲು ಹತ್ತಿ ಅವರ ಬಳಿ ಪಾಠಕ್ಕೆ ಬರುತ್ತಿದ್ದರು. ಗದಗಿನ ಹುಡುಗ ಭೀಮಸೇನ ಜೋಶಿ ಕಲಿತದ್ದೂ ಈ ಊರಲ್ಲೇ.

ನಾನು ಮೊದಲ ಸಲ ಹೋದಾಗ ನನಗೆ 19. ಜನರ ನಡುವೆ ಒಂದು ಕಂಬಕ್ಕೆ ಬೆನ್ನು ಕೊಟ್ಟು ಕೂತಿದ್ದೆ. ತಂಬೂರಿ ಶ್ರುತಿ ಸೇರಿದಾಗ ಆ ಕಟ್ಟಿಗೆ ಸಣ್ಣಗೆ ನಡುಗುವುದು ಬೆನ್ನಿಗೆ ಗೊತ್ತಾಯಿತು. ಕಾಂಕ್ರೀಟ್ ಸಭಾಂಗಣದಲ್ಲಿ ಎಷ್ಟೋ ಕಛೇರಿ ಕೇಳಿದ್ದೇನೆ, ಅದು ಇನ್ನೆಲ್ಲೂ ಸಿಕ್ಕಿಲ್ಲ. ಎರೆಹೊಲ ಅವರೇ, ನಿಮ್ಮ 12 ಕಂಬದ ಪಡಸಾಲೆಯಲ್ಲಿ ಒಂದು ಸಲ ಯಾರಾದರೂ ಕೂತು ಹಾಡಲಿ. ನಿಮ್ಮ ಅಣ್ಣತಮ್ಮಂದಿರು ಅದನ್ನು ಕೇಳಲಿ.

ಬೆಣ್ಣೆಹಳ್ಳ

ನಾನು ನವಲಗುಂದ ತಾಲ್ಲೂಕಿನವನೇ. ಎರಡು ದಿನ ಬರೆಯಲೋ ಬೇಡವೋ ಅಂತ ಯೋಚಿಸಿದೆ.

ನಮ್ಮ ಊರಲ್ಲೂ ವಾಡೆ ಇದೆ. ನಮ್ಮ ಅಜ್ಜ ಅಜ್ಜಿ ಅಲ್ಲಿ ದುಡಿದವರು. ಮಾಳಿಗೆಗೆ ಮಣ್ಣು ಹೊತ್ತವರು, ತುಳಿದವರು, ಹಗೇವು ಅಗೆದವರು, ಬಾವಿ ತೋಡಿದವರು ನಮ್ಮವರು. ಅಜ್ಜಿ ಹಿತ್ತಲ ಬಾಗಿಲಿನಿಂದ ಹೋಗಿ ಹಿತ್ತಲ ಬಾಗಿಲಿನಿಂದಲೇ ಬರುತ್ತಿದ್ದಳು. ತಾನು ಮಣ್ಣು ಹೊತ್ತು ಹಾಕಿದ ಮಾಳಿಗೆಯ ಕೆಳಗಿನ ಪಡಸಾಲೆ ಹೇಗಿದೆ ಅಂತ ಅವಳು ಒಳಗಿನಿಂದ ಒಂದು ದಿನವೂ ನೋಡಲಿಲ್ಲ. ಮೇಲಿನಿಂದ ಬೆಳಕಿಂಡಿಯಲ್ಲಿ ಬಗ್ಗಿ ನೋಡಿದ್ದಳಂತೆ.

ದೇಸಗತಿ ವತನಗಳು, ಅಂದರೆ ದೇಸಾಯರ ವಂಶಪಾರಂಪರ್ಯ ಹಕ್ಕುಗಳು, 1950ರ ಮುಂಬೈ ಕಾನೂನಿನಿಂದ ಹೋದವು, ಆಗ ಧಾರವಾಡ ಮುಂಬೈ ರಾಜ್ಯದಲ್ಲಿತ್ತು. 1974ರ ಭೂ ಸುಧಾರಣೆಯಲ್ಲಿ ಉಳುವವನಿಗೆ ಹೊಲ ಬಂತು. ವಾಡೆಗಳು ಸೊರಗಿದ್ದು ಅಲ್ಲಿಂದ ಅಂತ ಎಲ್ಲರೂ ಹೇಳುತ್ತಾರೆ. ನಮ್ಮ ಮನೆಯಲ್ಲಿ ಮೊದಲ ಸಲ ಸ್ವಂತ ಜೋಳದ ಚೀಲ ಇಳಿದದ್ದೂ ಅಲ್ಲಿಂದಲೇ. ವಾಡೆಯ ಕಥೆ ಬರೆಯುವಾಗ ಇದನ್ನೂ ಬರೆಯಿರಿ. ವಾಡೆ ಬೀಳಲಿ ಅಂತ ನಾನು ಹೇಳುತ್ತಿಲ್ಲ. ಅದರಲ್ಲಿ ನಮ್ಮವರ ಕೈಕೆಲಸವೂ ಇದೆ.

ಇನ್ನೊಂದು. ಮಣ್ಣಿನ ವಿಷಯ ತಿಳಿಯಬೇಕಿದ್ದರೆ ನಮ್ಮ ದೊಡ್ಡಪ್ಪ ಇದ್ದಾರೆ. ಯಾವ ಮಣ್ಣು ಮೇಲ್ಮುದ್ದಿಗೆ (ಮಾಳಿಗೆಯ ಮಣ್ಣಿನ ಹೊದಿಕೆಗೆ) ಬರುತ್ತದೆ, ಯಾವುದು ಬರುವುದಿಲ್ಲ ಅಂತ ಅವರಿಗೆ ಕೈಯಲ್ಲಿ ಹಿಡಿದರೆ ಗೊತ್ತಾಗುತ್ತದೆ. ಬೇಕಿದ್ದರೆ ಕೇಳಿ.

ಎರೆಹೊಲ

ಬೆಣ್ಣೆಹಳ್ಳ ಅಣ್ಣಾ, ಬರೆದದ್ದಕ್ಕೆ ತುಂಬಾ ಧನ್ಯವಾದ. ನೀವು ಹೇಳಿದ ಹಿತ್ತಲ ಬಾಗಿಲು ನಮ್ಮ ವಾಡೆಯಲ್ಲೂ ಇದೆ. ನಾನು ವಾಡೆಯ ವರ್ಣನೆ ಮಾಡುವಾಗ ಅದನ್ನೇ ಬಿಟ್ಟುಬಿಟ್ಟಿದ್ದೆ. ಅಲ್ಲಿಂದ ಯಾರು ಬರುತ್ತಿದ್ದರು ಅಂತ ನನಗೆ ನೆನಪಿದೆ. ಅವರಿಗೆ ಚಹಾ ಕೊಡುವ ಕಪ್ಪು ಬೇರೆ ಇತ್ತು, ಬಾವಿಯ ಪಕ್ಕದ ಗೂಡಿನಲ್ಲಿ ಬೋರಲು ಹಾಕಿ ಇಡುತ್ತಿದ್ದರು. ಅದು ತಪ್ಪು ಅಂತ ಮನೆಯಲ್ಲಿ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ದೊಡ್ಡಪ್ಪನವರನ್ನು ಭೇಟಿ ಮಾಡಬೇಕು. ನಾನೇ ಅವರ ಮನೆಗೆ ಬರುತ್ತೇನೆ.

ಬೆಟಗೇರಿ ಮಗ್ಗ

ಹಗೇವು ಅಂದಿರಲ್ಲ, ಅದರ ಬಗ್ಗೆ ಒಂದು ಎಚ್ಚರಿಕೆ ಕೊಡಲೇಬೇಕು. ರಿಪೇರಿ ಮಾಡುವವರು ಅಂಗಳ ಅಗೆಯುವಾಗ ಹಗೇವು ಸಿಕ್ಕರೆ ಯಾರೂ ಒಳಗೆ ಇಳಿಯಬಾರದು.

ಈಗಿನ ಮಕ್ಕಳಿಗೆ ಗೊತ್ತಿರಲಿಕ್ಕಿಲ್ಲ. ಹಗೇವು ಅಂದರೆ ಜೋಳ ತುಂಬಿಡುವ ನೆಲದೊಳಗಿನ ಗುಂಡಿ. ಬಾಯಿ ಸಣ್ಣದು, ಒಬ್ಬ ಮನುಷ್ಯ ಇಳಿಯುವಷ್ಟು. ಒಳಗೆ ಹೊಟ್ಟೆ ದೊಡ್ಡದು, ಗಡಿಗೆಯ ಹಾಗೆ. ಸುತ್ತ ಹುಲ್ಲು ಒತ್ತಿ, ಕಾಳು ತುಂಬಿ, ಮೇಲೆ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಾರೆ. ಕಾಳು ಉಸಿರಾಡಿ ಒಳಗಿನ ಪ್ರಾಣವಾಯು ಮುಗಿಯುತ್ತದೆ, ಇಂಗಾಲದ ಅನಿಲ ತುಂಬುತ್ತದೆ. ಅದಕ್ಕೇ ಹುಳ ಬದುಕುವುದಿಲ್ಲ, ಜೋಳ ವರ್ಷಗಟ್ಟಲೆ ಉಳಿಯುತ್ತದೆ. ಅದೇ ಗಾಳಿಯಲ್ಲಿ ಮನುಷ್ಯನೂ ಬದುಕುವುದಿಲ್ಲ. ಹಿಂದಿನವರು ಬಾಯಿ ತೆರೆದು ಬಹಳ ಹೊತ್ತು ಬಿಟ್ಟು, ಕಂದೀಲು ಇಳಿಸಿ ನೋಡುತ್ತಿದ್ದರು. ಕಂದೀಲು ಆರಿದರೆ ಇಳಿಯುತ್ತಿರಲಿಲ್ಲ. ಒಬ್ಬರು ಬಿದ್ದರೆ ಅವರನ್ನು ಎತ್ತಲು ಇನ್ನೊಬ್ಬರು ಇಳಿಯುತ್ತಾರೆ, ಹೀಗೆ ಒಂದೇ ಮನೆಯ ಇಬ್ಬರು ಮೂವರು ಹೋದದ್ದನ್ನು ಹಿರಿಯರಿಂದ ಕೇಳಿದ್ದೇನೆ. ಕಂದೀಲಿನ ಪರೀಕ್ಷೆಯನ್ನೂ ನಂಬಬೇಡಿ. ಬಾಯಿ ಮುಚ್ಚಿಸಿ, ಅಗ್ನಿಶಾಮಕದವರನ್ನು ಕರೆಯಿರಿ.

ಸವಣೂರ ಎಲೆ

ಎಲ್ಲರೂ ಮನೆ ಬಗ್ಗೆ ಹೇಳುತ್ತಿದ್ದೀರಿ, ಹಿತ್ತಲ ಬಗ್ಗೆ ನಾನು ಹೇಳುತ್ತೇನೆ. ನಮ್ಮ ಸವಣೂರಲ್ಲಿ ನವಾಬರ ಅರಮನೆ ಇದೆ, ಆದರೆ ಹೊರಗಿನವರು ಬಂದು ಮೊದಲು ಕೇಳುವುದು ದೊಡ್ಡ ಹುಣಸೆ ಮರ ಎಲ್ಲಿ ಅಂತ. ದೊಡ್ಡಹುಣಸೆ ಕಲ್ಮಠದ ಆವರಣದ ಮೂರು ಮರಗಳು. ಹೆಸರು ಹುಣಸೆ, ಆದರೆ ಅದು ಆಫ್ರಿಕಾ ಮೂಲದ ಬಾವೋಬಾಬ್. 2023ರ ಮಳೆಗಾಲದಲ್ಲಿ ಒಂದು ಮರ ಬುಡಸಮೇತ ಬಿತ್ತು. ಊರಿಗೆ ಊರೇ ಮನೆಯ ಹಿರಿಯರು ಹೋದಷ್ಟು ಸಂಕಟಪಟ್ಟಿತು. ಆಮೇಲೆ ಅದನ್ನು ಎತ್ತಿ ನಿಲ್ಲಿಸಿದರು.

ಎರೆಹೊಲ ಅಕ್ಕಾ, ನಿಮ್ಮ ಬೇವಿನ ಮರ ಗೋಡೆಯಿಂದ ಎಷ್ಟು ದೂರ ಇವೆ? ಗೋಡೆಯ ಬಿರುಕಲ್ಲಿ ಅರಳಿ ಸಸಿ ಬಂದಿದೆಯಾ ನೋಡಿ. ಬಂದಿದ್ದರೆ ಹಿಡಿದು ಜಗ್ಗಬೇಡಿ. ಬೇರು ಗೋಡೆಯ ಒಳಗೆ ಹರಡಿರುತ್ತದೆ, ಕಲ್ಲನ್ನೇ ಕಿತ್ತುಕೊಂಡು ಬರುತ್ತದೆ. ಹಾಗಂತ ಬರೀ ಮೇಲೆ ಕತ್ತರಿಸಿದರೂ ಮತ್ತೆ ಚಿಗುರುತ್ತದೆ. ಬೇರಿನ ಸುತ್ತ ಒಂದೊಂದೇ ಕಲ್ಲು ಬಿಡಿಸಿ, ಬೇರು ಪೂರ್ತಿ ತೆಗೆದು, ಮತ್ತೆ ಗಾರೆ ತುಂಬಬೇಕು. ನಿಧಾನದ ಕೆಲಸ.

ಎರೆಹೊಲ

ಅರಳಿ ಸಸಿ ಎರಡು ಇವೆ. ಒಂದು ಬಾವಿಯ ಒಳಗೋಡೆಯಲ್ಲಿ. ಬೇವು ದೂರ ಇವೆ, ಚಿಂತೆ ಇಲ್ಲ. ಜಗ್ಗಬೇಡಿ ಅಂತ ಊರಿಗೆ ಫೋನ್ ಮಾಡಿ ಹೇಳಿದೆ.

ಧಾರವಾಡ ಇಂಜಿನಿಯರ್

ಸಿಮೆಂಟ್ ಯಾಕೆ ಕೆಡಿಸಿತು ಅನ್ನುವುದನ್ನು ಬಿಡಿಸಿ ಹೇಳುತ್ತೇನೆ. ನಿಮ್ಮ ಅಣ್ಣತಮ್ಮಂದಿರಿಗೆ ತೋರಿಸಿ.

ಹಳೆಯ ಗೋಡೆಗೆ ಕೆಳಗೆ ತೇವ ತಡೆಯುವ ಪದರ ಇರುವುದಿಲ್ಲ. ನೆಲದ ನೀರು ಗೋಡೆಯಲ್ಲಿ ಮೇಲೇರುತ್ತದೆ. ಮಣ್ಣು ಸುಣ್ಣದ ಗಿಲಾವು ಇದ್ದಾಗ ಆ ತೇವ ಗಾಳಿಗೆ ಆರಿಹೋಗುತ್ತಿತ್ತು. ಸಿಮೆಂಟ್ ಗಿಲಾವು ಅದಕ್ಕೆ ದಾರಿ ಕೊಡುವುದಿಲ್ಲ. ತೇವ ಒಳಗೇ ಉಳಿದು ಇನ್ನೂ ಮೇಲಕ್ಕೆ ಏರುತ್ತದೆ, ಉಪ್ಪನ್ನೂ ತರುತ್ತದೆ. ನೀವು ನೋಡಿದ ಬಿಳಿ ಅದೇ. ಮೇಲಿನಿಂದ ಇನ್ನೊಂದು: ಮಣ್ಣಿನ ಮಾಳಿಗೆ ಬಿಸಿಲಿಗೆ, ಭಾರಕ್ಕೆ ಸ್ವಲ್ಪ ಅಲುಗುತ್ತಿರುತ್ತದೆ. ಮೇಲಿನ ಒಂದು ಇಂಚು ಸಿಮೆಂಟ್ ಗಡಸು, ಹಾಗಾಗಿ ಕೂದಲೆಳೆಯಷ್ಟು ಬಿರುಕು ಬಿಡುತ್ತದೆ. ಬಿರುಕಲ್ಲಿ ಇಳಿದ ನೀರು ಮತ್ತೆ ಮೇಲೆ ಆರಲಾರದು. ಮಣ್ಣಿನಲ್ಲೇ ಹರಿದು ಗೋಡೆಯ ಅಂಚಿಗೆ ಬರುತ್ತದೆ. ಅಲ್ಲಿ ತೊಲೆಯ ತುದಿ ಕೂತಿದೆ. ಎರಡೂ ಕಡೆಯ ತೇವ ಒಂದೇ ಜಾಗಕ್ಕೆ ಬಂತು, ತೊಲೆ ಕೊಳೆಯಿತು. ನಡುವೆ ಗಟ್ಟಿ, ತುದಿ ಮೆತ್ತಗೆ ಅಂದಿರಲ್ಲ, ಕಾರಣ ಇದು.

ಏನು ಮಾಡಬೇಕು: ಮೊದಲು ತೊಲೆಗೆ ಕೆಳಗೆ ಆಧಾರ ಕೊಡಿ. ಕಬ್ಬಿಣದ ಜಾಕಿ ಸಾಕು. ಆಮೇಲೆ ಮೇಲಿನ ಸಿಮೆಂಟ್, ಹಳೆಯ ಮಣ್ಣು ತೆಗೆಯಿರಿ. ಒಂದೇ ಕಡೆ ಪೂರ್ತಿ ತೆಗೆಯಬೇಡಿ, ಭಾರ ಒಂದು ಬದಿಗೆ ಬಿದ್ದರೆ ಕಂಬ ವಾಲುತ್ತದೆ. ಎರಡೂ ಬದಿಯಿಂದ ಸಮನಾಗಿ ಇಳಿಸಿ. ಕೊಳೆತ ತುದಿಯಷ್ಟನ್ನೇ ಕತ್ತರಿಸಿ ಹೊಸ ಕಟ್ಟಿಗೆ ಕೂಡಿಸಬಹುದು, ಇಲ್ಲವೇ ಗೋಡೆಯ ಪಕ್ಕ ಒಂದು ಕಂಬ ನಿಲ್ಲಿಸಬಹುದು. ಗೋಡೆಯ ಸಿಮೆಂಟ್ ಕೆತ್ತಿ ತೆಗೆದು, ಒಂದು ಬೇಸಿಗೆ ಪೂರ್ತಿ ಹಾಗೇ ಆರಲು ಬಿಡಿ. ಆಮೇಲೆ ಸುಣ್ಣ.

ಸುಣ್ಣಕ್ಕೆ ಅವಸರ ಮಾಡಬಾರದು. ಚೆನ್ನಾಗಿ ಅರಳಿಸಿ ವಾರಗಟ್ಟಲೆ ನೀರಲ್ಲಿ ನೆನೆಯಲು ಬಿಡಬೇಕು. ಹಿಂದೆ ಕಲ್ಲಿನ ಗಾಣದಲ್ಲಿ ಎತ್ತು ಕಟ್ಟಿ ಸುಣ್ಣ, ಮರಳು, ಇಟ್ಟಿಗೆ ಪುಡಿ ಅರೆಯುತ್ತಿದ್ದರು. ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು ಸೇರಿಸುತ್ತಿದ್ದರು. ಈಗ ಯಂತ್ರದಲ್ಲಿ ಕಲಸಬಹುದು, ಆದರೆ ನೆನೆಯುವ ದಿನ ಕಡಿಮೆ ಮಾಡಬೇಡಿ.

ಬಚ್ಚಲು ಸಂಡಾಸವನ್ನು ಹಳೆಯ ಗೋಡೆಗೆ ತಾಗಿಸಬೇಡಿ. ಸದರಿನ ಪಕ್ಕ ಬೇರೆಯಾಗಿ ಸಣ್ಣದೊಂದು ಕಟ್ಟಿ, ನಡುವೆ ಓಡಾಡಲು ಮುಚ್ಚಿದ ದಾರಿ ಮಾಡಿ. ಅಲ್ಲಿ ಸಿಮೆಂಟ್ ಬಳಸಿ, ಏನೂ ತೊಂದರೆ ಇಲ್ಲ.

ಬೆಟಗೇರಿ ಮಗ್ಗ

ಕಟ್ಟಿಗೆಗೆ ಪೇಂಟ್ ಹೊಡೆಯಲು ಬಿಡಬೇಡಿ. ನಮ್ಮ ನೆಂಟರ ವಾಡೆಯಲ್ಲಿ ಕಂಬಕ್ಕೆಲ್ಲ ಎಣ್ಣೆ ಬಣ್ಣ ಬಳಿದು ಕೆತ್ತನೆಯೇ ಮುಚ್ಚಿಹೋಗಿದೆ. ಅಗಸೆ ಎಣ್ಣೆ ತಿಕ್ಕಿದರೆ ಸಾಕು.

ಎರೆಹೊಲ

ಆರು ವಾರ ಆಯಿತು. ಏನೇನಾಯಿತು ಹೇಳಬೇಕು.

ಮೊದಲು ಮನೆಯವರು. ಇಲ್ಲಿಯ ಉತ್ತರಗಳನ್ನು ಎಲ್ಲರಿಗೂ ಓದಿ ಹೇಳಿದೆ. 40 ಟನ್ ಅಂದಾಗ ಎಲ್ಲರೂ ತಲೆ ಎತ್ತಿ ಮೇಲೆ ನೋಡಿದರು. ಸ್ಲ್ಯಾಬಿಗೆ ಹೊಸ ಪಾಯ ಸೇರಿಸಿ ಲೆಕ್ಕ ತರಿಸಿದಾಗ ಅವರೇ ಹಿಂದೆ ಸರಿದರು. ಈ ವರ್ಷ ಅಡುಗೆ ಮನೆ ಮತ್ತು ನಡುಮನೆ, ಮುಂದಿನ ವರ್ಷ ಪಡಸಾಲೆ ಅಂತ ಒಪ್ಪಿದ್ದಾರೆ. ಕಾಕುವಿನ ಬಚ್ಚಲು ಸಂಡಾಸ ಮೊದಲು ಕಟ್ಟಿಸಿದೆವು. ಅದು ಮುಗಿದಿದೆ.

ಬೆಣ್ಣೆಹಳ್ಳ ಅಣ್ಣನ ದೊಡ್ಡಪ್ಪನವರ ಮನೆಗೆ ಹೋಗಿದ್ದೆ. ಎರಡು ದಿನ ಬಿಟ್ಟು ಅವರು ನಮ್ಮ ಊರಿಗೆ ಬಂದರು. ಅಭ್ಯಾಸದಂತೆ ಹಿತ್ತಲ ಕಡೆ ಹೊರಟಿದ್ದರು. ಕಾಕು ದಿಡ್ಡಿಯ ಹತ್ತಿರ ನಿಂತು "ಅಣ್ಣಾರ, ಈ ಕಡಿಂದ ಬರ್ರಿ" ಅಂದರು. ಪಡಸಾಲೆಯಲ್ಲಿ ಕೂತು ಚಹಾ ಕುಡಿದರು. ಅವರು ಮೊದಲು ನೋಡಿದ್ದು ಕಂಬ ಅಲ್ಲ, ಕೆಳಗಿನಿಂದ ಬೆಳಕಿಂಡಿಯನ್ನು. ಬಹಳ ಹೊತ್ತು ನೋಡಿದರು.

ಮಣ್ಣಿನ ಪರೀಕ್ಷೆ ಹೇಗೆ ಮಾಡಿದರು ಹೇಳುತ್ತೇನೆ, ಬೇರೆಯವರಿಗೂ ಬೇಕಾಗಬಹುದು. ನಾಲ್ಕು ಹೊಲದಿಂದ ಸವುಳು (ಉಪ್ಪು ಸೇರಿದ) ಮಣ್ಣು ತರಿಸಿದರು. ಮಲಪ್ರಭಾ ಕಾಲುವೆ ಬಂದ ಮೇಲೆ ನಮ್ಮ ಕಡೆ ಸವುಳಿಗೆ ಬರ ಇಲ್ಲ. ಬಿಳಿ ಉಪ್ಪು ಕಂಡ ಮಣ್ಣೆಲ್ಲ ಆಗುವುದಿಲ್ಲ ಅಂದರು. ಒಂದೊಂದನ್ನೂ ಕಲಸಿ ಅಂಗೈಯಷ್ಟು ಬಟ್ಟಲು ಮಾಡಿ ನೆರಳಲ್ಲಿ ಒಣಗಿಸಿದರು. ನಾಲ್ಕನ್ನೂ ಕಟ್ಟೆಯ ಮೇಲೆ ಹಳೆ ಪೇಪರ್ ಹಾಸಿ ಸಾಲಾಗಿ ಇಟ್ಟು ನೀರು ತುಂಬಿದರು. ಬೆಳಿಗ್ಗೆ ಎದ್ದು ನೋಡಿದರೆ ಎರಡು ಬಟ್ಟಲು ಕುಸಿದು ರಾಡಿ ಆಗಿದ್ದವು. ಒಂದರ ಕೆಳಗೆ ಪೇಪರ್ ಒದ್ದೆ. ನಾಲ್ಕನೆಯದರಲ್ಲಿ ನೀರು ಹಾಗೇ ನಿಂತಿತ್ತು, ಕೆಳಗೆ ಪೇಪರ್ ಗರಿಗರಿ. ಅದೇ ಮಣ್ಣು ಅಂದರು.

ಧಾರವಾಡ ಇಂಜಿನಿಯರ್

ತುಂಬಾ ಒಳ್ಳೆಯ ಪರೀಕ್ಷೆ. ಸೋಡಿಯಂ ಜಾಸ್ತಿ ಇರುವ ಜೇಡಿ ನೀರು ತಾಗಿದ ತಕ್ಷಣ ನುಣ್ಣಗಾಗಿ ತನ್ನ ಸಂದಿಗಳನ್ನು ತಾನೇ ಮುಚ್ಚಿಕೊಳ್ಳುತ್ತದೆ. ಹೊಲಕ್ಕೆ ಶಾಪ, ಮಾಳಿಗೆಗೆ ವರ. ಹೊಸ ಮಣ್ಣು ಎಷ್ಟು ದಪ್ಪ ಹಾಕುತ್ತಿದ್ದೀರಿ?

ಎರೆಹೊಲ

ದೊಡ್ಡಪ್ಪನವರು ಒಂದು ಮೊಳಕ್ಕಿಂತ ಕಡಿಮೆ ಇರಲಿ ಅಂದರು. ನೀವು ಹೇಳಿದ ಭಾರದ ಲೆಕ್ಕ ಕೊಟ್ಟ ಮೇಲೆ ಇಬ್ಬರೂ ಒಪ್ಪುವ ಹಾಗೆ 8 ಇಂಚಿಗೆ ನಿಲ್ಲಿಸಿದ್ದೇವೆ. ಇನ್ನು ಮುಂದೆ ಪ್ರತಿವರ್ಷ ಹೊಸದು ಹಾಕುವ ಮೊದಲು ಅಷ್ಟೇ ಹಳೆಯದು ಕೆರೆದು ತೆಗೆಯುವುದು. ಗೋಡೆಗೆ ಒಂದು ಗುರುತಿನ ಕಲ್ಲು ಕೂರಿಸಿದ್ದೇವೆ, ಮಣ್ಣು ಅದನ್ನು ದಾಟಬಾರದು.

ಕೊಳೆತ ತೊಲೆಯ ತುದಿ 14 ಇಂಚು ಕತ್ತರಿಸಬೇಕಾಯಿತು. ಬಡಿಗೇರರು ಹಳೆಯ ಸಾಗವಾನಿಯನ್ನೇ ಹುಡುಕಿ ತಂದು ಕೂಡಿಸಿದರು. ಮಜ್ಜಿಗೆಯ ಕಂಬಕ್ಕೆ ಏನೂ ಆಗಿಲ್ಲ. ಅದರ ಬುಡ ಕಲ್ಲಿನ ಮೇಲಿದೆ, ತೇವ ಮುಟ್ಟಿಲ್ಲ. ಸಿಮೆಂಟ್ ಕೆತ್ತುವಾಗ ಅಡುಗೆ ಮನೆಯ ಗೋಡೆಯಲ್ಲಿ ಮುಚ್ಚಿಹೋಗಿದ್ದ ಒಂದು ದೀಪದ ಮಾಡ ಸಿಕ್ಕಿತು, ಒಳಗೆ ಮಸಿ ಹಾಗೇ ಇದೆ.

ಈಗ ಒಂದು ಪ್ರಶ್ನೆ ಉಳಿದಿದೆ. ಮಾಳಿಗೆಯ ನೀರು ಹೊರಗೆ ಬೀಳುವ ದೋಣಿ ಮೊದಲು ಕಲ್ಲಿನದು ಇತ್ತು, ಅದು ಒಡೆದಿದೆ. ತಗಡಿನದು ಹಾಕಿದರೆ ಗೋಡೆಯಿಂದ ಎಷ್ಟು ಮುಂದೆ ಚಾಚಬೇಕು? ಕೆಳಗೆ ನೀರು ಬೀಳುವ ಜಾಗಕ್ಕೆ ಫರ್ಸಿ ಕಲ್ಲು ಹಾಸಬೇಕಾ? ಮುಂಗಾರು ಹತ್ತಿರ ಬಂತು.

ಸವಣೂರ ಎಲೆ

ಎರಡು ಅಡಿಯಾದರೂ ಮುಂದೆ ಬರಲಿ ಅಕ್ಕಾ. ಕೆಳಗೆ ಫರ್ಸಿ ಹಾಕಿ, ಓಣಿಯ ಕಡೆ ಇಳಿಜಾರು ಕೊಡಿ. ಗೋಡೆಯ ಬುಡದಲ್ಲಿ ನೀರು ನಿಲ್ಲಲೇಬಾರದು.

ಬೆಣ್ಣೆಹಳ್ಳ

ದೊಡ್ಡಪ್ಪ ಕೇಳುತ್ತಿದ್ದಾರೆ, ಮೇಲೆ ಇನ್ನೊಮ್ಮೆ ತುಳಿಯುವುದು ಯಾವಾಗ ಅಂತ. ಮೊದಲ ಅಡ್ಡಮಳೆ ಬಿದ್ದ ಮರುದಿನ, ಮಣ್ಣು ಹಸಿ ಇರುವಾಗಲೇ ಒಮ್ಮೆ ತುಳಿದು ಬಡಿಯಬೇಕಂತೆ. ಆ ದಿನ ಫೋನ್ ಮಾಡಿ, ನಾನೂ ಬರುತ್ತೇನೆ.